ಎಡ ಮೊಣಕೈ

ಸೋಮವಾರ ಬೆಳಿಗ್ಗೆ, ನ್ಯೂಪೋರ್ಟ್ ಪೇಟೆಂಟ್ ಕಚೇರಿ,
ನನ್ನ ಮೇಜಿಗೆ ಬಂದ ಕಡತ:
ನಾಲ್ಕೇಣಿನ ಹಸಿರು ಬಳ್ಳಿಯೊಂದರ ರಸದಿಂದ
ಮುರಿದ ಮೂಳೆ ಕೂಡಿಸುವ ವಿಧಾನ.
ಅರ್ಜಿದಾರರು ರೆಡಿಂಗ್‌ನ ಒಂದು ಕಂಪನಿ.
ಕ್ಲೇಮುಗಳು ಹದಿನಾಲ್ಕು.
ಕ್ಲೇಮು ಅಂದರೆ, ಇದು ನಮ್ಮದು ಎನ್ನುವ ವಾಕ್ಯ.

ನನ್ನ ಕೆಲಸ ಸರಳ. ಇದು ಹೊಸದೋ, ಅಲ್ಲವೋ?
ಹಿಂದೆ ಯಾರಾದರೂ ಬಲ್ಲರೋ?
ಬಾಯಿಮಾತೂ ನಡೆದೀತು ಎನ್ನುತ್ತದೆ ಕಾಯಿದೆ,
ಆದರೆ ಬಾಯಿ ಇತ್ತೆಂಬುದಕ್ಕೆ ಕಾಗದ ಬೇಕು,
ಕಾಗದಕ್ಕೆ ತಾರೀಖು ಬೇಕು.

ಮಂಗರವಳ್ಳಿ.
ಮೆಲ್ಲಗೆ ಹೇಳಿಕೊಂಡೆ, ನಾಲಿಗೆ ತುರಿಸಿತು
ಹಸಿಯಾಗಿ ಕಚ್ಚಿದ ಹಾಗೆ.

ಹುಡುಕಿದೆ. ಬಳ್ಳಿ ಸಿಕ್ಕಿತು, ಸಂಸ್ಕೃತದಲ್ಲಿ, ಲ್ಯಾಟಿನ್ನಿನಲ್ಲಿ,
ಒಣಗಿಸಿ ಹಾಳೆಗೆ ಅಂಟಿಸಿದ ಫೋಟೋದಲ್ಲಿ.
ಒಂದರಿಂದ ಆರರವರೆಗೆ ಉದುರಿ ಬಿದ್ದವು.
ಏಳನೆಯದು ಬೀಳಲಿಲ್ಲ:
ಆಡಿನ ಹಾಲಲ್ಲಿ ಬಾಡಿಸಿ, ಉದ್ದಿನ ಹಿಟ್ಟಲ್ಲಿ ಕಲೆಸಿ ಕಟ್ಟಿ,
ಮೂರನೆಯ ರಾತ್ರಿ ಬಿಚ್ಚಿ, ಒಂಬತ್ತನೆಯ ದಿನ ಮತ್ತೆ ಕಟ್ಟುವುದು.

ಇದು ಯಾವ ಪುಸ್ತಕದಲ್ಲೂ ಇಲ್ಲ.
ಇರುವುದು ನನ್ನ ಎಡ ಮೊಣಕೈಯಲ್ಲಿ.

ಕನಕಗಿರಿ. ನನಗೆ ಏಳು ವರ್ಷ, ಹುಣಸೆಮರದಿಂದ ಬಿದ್ದಿದ್ದೆ.
ಹುಲಿಗೆವ್ವ ಕೈ ನೀವುತ್ತ ಏನೋ ಕೇಳಿದಳು,
ಉತ್ತರ ಬಾಯಿಗೆ ಬರುವಷ್ಟರಲ್ಲಿ ಚಟ್ ಎಂದಿತು.
ಬಿದಿರ ದಬ್ಬೆ, ಹಳೇ ಸೀರೆಯ ಅಂಚು.
ದುಡ್ಡು ಮುಟ್ಟಲಿಲ್ಲ. ಮುಟ್ಟಿದರೆ ಬಳ್ಳಿ ಮುನಿಯುತ್ತದಂತೆ.
ನಮ್ಮಕ್ಕನನ್ನು ಬೇಲಿಯ ಕಡೆ ಕಳಿಸುವಾಗ ಕೂಗಿ ಹೇಳಿದಳು:
"ಎರಡ ಗೆಣ್ಣ ಬಿಟ್ಟ ಕೊಯ್ಯವ್ವಾ. ಅದರದೂ ಒಂದ ಸಂಸಾರ ಐತಿ."

ಹದಿನಾಲ್ಕನ್ನೂ ಮತ್ತೆ ಓದಿದೆ.
ಕೊಯ್ಯುವುದು, ಕುದಿಸುವುದು, ಸೋಸುವುದು, ಗುಳಿಗೆ, ಮುಲಾಮು, ಪಟ್ಟಿ.
ಗೆಣ್ಣು ಬಿಡುವ ಮಾತು ಎಲ್ಲೂ ಇಲ್ಲ.
ಒಂಬತ್ತನೆಯ ದಿನ ಇವರಿಗೆ ಗೊತ್ತು ಅಂದರೆ
ಯಾರೋ ಆ ಕಟ್ಟೆಯ ಮೇಲೆ ಕೂತಿದ್ದಾರೆ, ಚಹಾ ಕುಡಿದಿದ್ದಾರೆ,
ಬದಿಗೆ ರೆಕಾರ್ಡರ್ ಇಟ್ಟಿದ್ದಾರೆ.
ಒಪ್ಪಿಗೆ ಕೇಳಿದರೋ, ಹೆಬ್ಬೆಟ್ಟು ಒತ್ತಿಸಿದರೋ,
ಒತ್ತಿಸಿದ ಹಾಳೆ ಯಾವ ಭಾಷೆಯಲ್ಲಿತ್ತೋ,
ಅದನ್ನು ಕೇಳುವ ಕಾಲಂ ನನ್ನ ನಮೂನೆಯಲ್ಲಿಲ್ಲ.

ಹುಲಿಗೆವ್ವ ಹೋಗಿ ಹನ್ನೊಂದು ವರ್ಷ.
ಮಗಳು ಶಾಂತವ್ವ ಈಗಲೂ ಕಟ್ಟುತ್ತಾಳೆ.
ಇಲ್ಲಿ ಕೊಟ್ಟ ಪೇಟೆಂಟು ಸಮುದ್ರ ದಾಟಿ ಅವಳನ್ನು ಮುಟ್ಟುವುದಿಲ್ಲ,
ಅದು ನನಗೆ ಗೊತ್ತು.
ಅವಳ ಹೆಸರೂ ಸಮುದ್ರ ದಾಟಿ ಇಲ್ಲಿಗೆ ಮುಟ್ಟುವುದಿಲ್ಲ.

ಹಿತಾಸಕ್ತಿ ಘೋಷಣೆಯ ಹಾಳೆ ತೆಗೆದೆ.
ಶೇರು? ಇಲ್ಲ. ಸಂಬಂಧಿಕರು? ಇಲ್ಲ.
ಇತರೆ: ಒಂದು ಮೊಣಕೈ.
ಮೇಲಧಿಕಾರಿ ಗ್ಲೆನಿಸ್ ಎರಡು ಸಲ ಓದಿದಳು. ನಗಲಿಲ್ಲ.
ಕಡತ ಎಮ್ರಿಸ್ ಪ್ರಾಸರನ ಮೇಜಿಗೆ ಹೋಯಿತು.

ಐದಕ್ಕೆ ಅವನು ಕೋಟು ಹಾಕಿಕೊಂಡೇ ಬಂದು ನಿಂತ.
ಅವನ ಅಜ್ಜಿ ಬೆಟ್ಟದ ಜವುಗಿನಿಂದ ಪಾಚಿ ತಂದು
ಗಾಯಕ್ಕೆ ಒತ್ತುತ್ತಿದ್ದಳಂತೆ.
ಯಾವ ಪಾಚಿ ಎಂದು ಅವನು ಕೇಳಿಟ್ಟುಕೊಳ್ಳಲಿಲ್ಲ.
ಈಗಲ್ಲಿ ಸಾಲು ಹಿಡಿದು ನಿಂತ ಒಂದೇ ಜಾತಿಯ ಮರ,
ಕೆಳಗೆ ಏನೂ ಬೆಳೆಯದು.

"ಕಟ್ಟಿದವಳ ಹೆಸರೇನು?"
"ಕಾನೂನಿಗೆ ಪ್ರಯೋಜನವಿಲ್ಲ."
"ಗೊತ್ತು. ಅಕ್ಷರ ಹೇಳು."
ಒಂದೊಂದೇ ಹೇಳಿದೆ, ಬರೆದುಕೊಂಡ.
ಎರಡು ವಿ ಯಾಕೆ ಎಂದ.
ನಿಮ್ಮೂರ ಹೆಸರಲ್ಲಿ ಎರಡು ಎಲ್ ಯಾಕೆ ಎಂದೆ.

ಬಸ್ಸು ಅಸ್ಕ್ ಹೊಳೆ ದಾಟುವಾಗ
ನೀರಿಳಿದು ಬರೀ ಕೆಸರು, ಕೆಸರ ತುಂಬ ಬೆಳಕು.
ಉದ್ದ ಕೊಕ್ಕಿನ ಒಂದು ಹಕ್ಕಿ
ನನಗೆ ಕಾಣದ್ದನ್ನು ಹೆಕ್ಕಿ ತಿನ್ನುತ್ತಿತ್ತು.
ಅದರ ಹೆಸರು ಇಲ್ಲಿನವರನ್ನು ಕೇಳಬೇಕು.
ಮೊಣಕೈ ಹಿಡಿಯುತ್ತಿದೆ.
ನಾಳೆ ಮಳೆ.