ಏಳರವರೆಗೆ

ವಡಾಲಾ ಸ್ಟೇಷನ್ನಿನ ಹಿಂದಿನ ಮುನ್ಸಿಪಾಲ್ಟಿ ಶಾಲೆಯಲ್ಲಿ
ಕೆಳಗೆ ಉರ್ದು, ಒಂದನೇ ಮಹಡಿ ಮರಾಠಿ,
ಎರಡು ತಮಿಳು, ಮೂರರಲ್ಲಿ ನಾವು.
ಗಂಟೆ ಮಾತ್ರ ಎಲ್ಲರಿಗೂ ಒಂದೇ.

ಬಿ.ಎಡ್. ಕಾಲೇಜು ಕಳಿಸಿದ್ದು ಇಪ್ಪತ್ತು ಪಾಠಕ್ಕೆ.
ಚೀಲದಲ್ಲಿ ರಟ್ಟಿನ ತ್ರಿಭುಜ; ಲೋಕಲ್ಲಿನ ನೂಕಿನಲ್ಲಿ
ಅದರ ಲಂಬಕೋನ ಮುದುರಿ
ಎಂಬತ್ತೇಳೋ ಎಂಬತ್ತೆಂಟೋ ಡಿಗ್ರಿ ಉಳಿದಿದೆ.
ನಾನು ಕಲಿತದ್ದು ಹೈಪಾಟೆನ್ಯೂಸ್,
ಬಿ.ಎಡ್.ನ ಮರಾಠಿ ನೋಟ್ಸಿನಲ್ಲಿ ಕರ್ಣ,
ಇಲ್ಲಿಯ ಪುಸ್ತಕದಲ್ಲಿ ವಿಕರ್ಣ.
ಮೂರು ಹೆಸರಿನ ಒಂದು ಗೆರೆ ಎಳೆಯುವಾಗ
ಕೈ ಯಾವ ಭಾಷೆಯಲ್ಲಿ ನಡುಗುತ್ತದೋ ಕೇಳಬೇಡಿ.

ಕೊನೆಯ ಬೆಂಚಿನಲ್ಲಿ ಖಾನೋಲ್ಕರ್ ಮೇಡಂ.
ಕನ್ನಡ ಒಂದಕ್ಷರ ಬಾರದು.
ಕಳೆದ ವಾರ ಮೆಟ್ಟಿಲಲ್ಲಿ ನಿಲ್ಲಿಸಿ ಅಂದಿದ್ದರು:
'ಹದಿನಾಲ್ಕು ಪ್ರಶ್ನೆ ಕೇಳಿದೆ.
ಹದಿಮೂರಕ್ಕೆ ನೀನೇ ಉತ್ತರ ಕೊಟ್ಟೆ.'
ನಿಮಗೆ ಹೇಗೆ ಗೊತ್ತಾಯಿತು?
'ದನಿ ಬದಲಾಗಲೇ ಇಲ್ಲವಲ್ಲ.
ಕೇಳಿದ ಮೇಲೆ ಏಳರವರೆಗೆ ಎಣಿಸು.
ಬಾಯಿ ಮುಚ್ಚಿಕೊಂಡು.'

ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ.
ಚಹಾ ಇದೆಯಾ ಎಂದು ಕೇಳಿ, ಸುಮ್ಮನೆ ನಿಂತು.
ನಾಲ್ಕಕ್ಕೇ ಅಮ್ಮ ಸೌಟು ಎತ್ತಿದಳು.

ಇವತ್ತು ಬೋರ್ಡಿನ ಮೇಲೆ ಗೋಡೆ, ಒರಗಿದ ಏಣಿ.
ಏಣಿಯ ಉದ್ದ ಐದು ಮೀಟರು.
ಬುಡ ಗೋಡೆಯಿಂದ ಮೂರು ಮೀಟರು ದೂರ.
ತುದಿ ಎಷ್ಟೆತ್ತರ ಮುಟ್ಟುತ್ತದೆ?

ಒಂಜಿ. ಫ್ಯಾನು ಕಿರುಗುಟ್ಟಿತು.
ರಡ್ಡ್. ಕೆಳಗೆಲ್ಲೋ ಉರ್ದು ಮಗ್ಗಿ.
ಮೂಜಿ. ಹಾರ್ಬರ್ ಲೈನಿನ ಹಾರನ್ನು.
ನಾಲ್. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು
ಹಲ್ಲಿಗೆ ಬಡಿಯುತ್ತಿದೆ.
ಐನ್. ಯಾರೂ ಇಲ್ಲ.
ಆಜಿ.

'ಮುಟ್ಟಂಗಿಲ್ರಿ ಟೀಚರ್.'
ಕಿಟಕಿ ಪಕ್ಕದ ಅಯ್ಯಮ್ಮ. ಎರಡು ವಾರದಲ್ಲಿ ಮೊದಲ ಮಾತು.
'ಬುಡ ಅಷ್ಟು ದೂರ ಇಟ್ರ ಜಾರ್ತದ್ರಿ.
ನಮ್ಮಪ್ಪ ಚೆಂಬೂರಿನ್ಯಾಗ ಬಿಲ್ಡಿಂಗಿಗೆ ಬಣ್ಣ ಹಚ್ತಾನ.
ಒಂದ್ ಹೆಜ್ಜಿ, ಭಾಳಂದ್ರ ಒಂದೂವರಿ.
ಅಷ್ಟ ಬಿಡ್ತಾನ.'

ಪಾಠ ಯೋಜನೆಯಲ್ಲಿ ಒಂದು ಕಾಲಂ ಇದೆ,
ನಿರೀಕ್ಷಿತ ಉತ್ತರ: ನಾಲ್ಕು.
ಇದಕ್ಕೆ ಕಾಲಂ ಇಲ್ಲ.

ಮೂರನ್ನು ಅಳಿಸಿದೆ, ಅಂಗೈಯಿಂದಲೇ.
ಒಂದು ಬರೆದೆ. ಏಣಿ ನೆಟ್ಟಗಾಯಿತು.
ಇಪ್ಪತ್ತೈದರಲ್ಲಿ ಒಂದು ಹೋದರೆ ಇಪ್ಪತ್ನಾಲ್ಕು,
ಅದರ ವರ್ಗಮೂಲ?
ಪುಸ್ತಕದ ಏಣಿಗಳೆಲ್ಲ ಪೂರ್ಣಾಂಕಕ್ಕೆ ಒರಗಿದಂಥವು.
ಇದು ಒಪ್ಪಲಿಲ್ಲ.
ನಾಲ್ಕು ಪಾಯಿಂಟ್ ಒಂಬತ್ತು ಅಂದ ಒಬ್ಬ.
ಗುಣಿಸಿದರು, ಕೂದಲೆಳೆ ಹೆಚ್ಚಾಯಿತು.
ನಾಲ್ಕು ಪಾಯಿಂಟ್ ಎಂಟು ಒಂಬತ್ತು.
ಕಡಿಮೆ, ಕಡಿಮೆ, ಎಂದು ಕೂಗುತ್ತಿರುವಾಗಲೇ
ನಾಲ್ಕೂ ಭಾಷೆಗೆ ಗಂಟೆ ಹೊಡೆಯಿತು.

ಮೆಟ್ಟಿಲಲ್ಲಿ ಮೇಡಂ: 'ಆ ಹುಡುಗಿ ಏನಂದಳು?'
ಮರಾಠಿಯಲ್ಲಿ ಹೇಳಿದೆ.
ಅವರು ಸುಮ್ಮನೆ ನಿಂತರು.
ನಾನು ಎಣಿಸಿದೆ. ಏಳು ದಾಟಿತು, ಹತ್ತು ದಾಟಿತು,
ಇಳಿಯುವ ಮಕ್ಕಳು ನಮ್ಮ ಎರಡೂ ಬದಿಯಿಂದ ಹರಿದುಹೋದರು.
'ಮೂವತ್ತೊಂದು ವರ್ಷ,' ಅಂದರು, 'ಅದೇ ಏಣಿ ಹತ್ತಿಸಿದ್ದೇನೆ.'

ಕಂಬಕ್ಕೆ ಪುಸ್ತಕ ಒತ್ತಿ
ಹತ್ತಕ್ಕೆ ಏಳು ಕೊಟ್ಟರು.
ಷರಾ: ಪಾಠ ಮುಗಿಯಲಿಲ್ಲ.