ಹೆಬ್ಬೆರಳಿನ ಲೆಕ್ಕ

ಕುಂಬಾರಗೇರಿಯ ಕೊನೆ ತಿರುವಿನಲ್ಲಿ
ನನ್ನದೊಂದು ಬೆಂಚು, ಎರಡು ಬಟ್ಟಲು ಎಣ್ಣೆ.
ಮೂಳೆ ಕೂರಿಸುವವನಲ್ಲ ನಾನು, ಬರೀ ಮೈ ನೀವುವವನು.
ಬಂದವರು ಬಾಯಿ ಬಿಡುವ ಮೊದಲೇ
ಹೆಬ್ಬೆರಳು ಹೇಳುತ್ತದೆ
ಎಲ್ಲಿಂದ ಬಂದರು, ಏನು ಕಲಿಯುತ್ತಿದ್ದಾರೆ.

ಗರಡಿಯವನ ಬೆನ್ನು ಒದ್ದೆ ಮೂಟೆ.
ನಾಲ್ಕಕ್ಕೆ ಎದ್ದು ಮಟ್ಟಿ ಅಗೆದು
ಐನೂರು ಬಸ್ಕಿ, ಆಮೇಲೆ ಜೋಡಿ;
ಎದೆಗೆ ಎದೆ, ಕತ್ತಿಗೆ ಕತ್ತು ಕೊಟ್ಟು
ಇನ್ನೊಬ್ಬನ ತೂಕವನ್ನು ಮುಕ್ಕಾಲು ಗಂಟೆ ಹೊತ್ತವನು.
ಅವನ ಸುಸ್ತು ಸಾಚಾ. ನೆಲದ್ದು.
ಒತ್ತಿದರೆ ತಗ್ಗುತ್ತದೆ, ನಿಧಾನಕ್ಕೆ ಮೇಲೇಳುತ್ತದೆ,
ಕೆಮ್ಮಣ್ಣಿನಲ್ಲಿ ಊರಿದ ಹಿಮ್ಮಡಿಯ ಗುರುತು ತುಂಬಿಕೊಳ್ಳುವ ಹಾಗೆ.
ಒಂದು ಚೊಂಬು ಬಾದಾಮಿ ಹಾಲು, ಎರಡು ಮುದ್ದೆ,
ನೀವುತ್ತಿರುವಾಗಲೇ ಗೊರಕೆ.

ನಾನೂ ಒಂದು ಕಾಲಕ್ಕೆ ಮಟ್ಟಿಗೆ ಇಳಿದವನೇ.
ಮೂರು ಕುಸ್ತಿ. ಮೂರೂ ಸೋಲು.

ಸರಸ್ವತಿಪುರಂನ ಸುಮುಖ ಕರಾಟೆಯವನು.
ಅವನ ತೋಳಿನಲ್ಲಿ ಗಂಟೇ ಸಿಗುವುದಿಲ್ಲ.
ಗಾಳಿಗೆ ಗುದ್ದಿದ್ದಾನೆ, ನೂರಾರು ಸಲ.
ಗಾಳಿ ತಡೆಯುವುದಿಲ್ಲವಲ್ಲ,
ತನ್ನ ಏಟನ್ನು ತಾನೇ ಹಿಡಿದು ನಿಲ್ಲಿಸಬೇಕು
ಕೂದಲೆಳೆಯಷ್ಟು ಈಚೆಗೆ.
ಪಾದ ಎಷ್ಟು ತಿರುಗಿತು, ಸೊಂಟ ಎಲ್ಲಿ ನಿಂತಿತು
ಲೆಕ್ಕ ಒಪ್ಪಿಸಿ ಒಪ್ಪಿಸಿ
ದಣಿದಿರುವುದು ಹುಬ್ಬುಗಳ ನಡುವೆ.
ಮನೆಗೆ ಹೋದವನು ಕೈಯಲ್ಲೇ ಇರುವ ಬೀಗದ ಕೈ ಹುಡುಕುತ್ತಾನಂತೆ.
ಇವನ ಕಾಲಿಗೆ ಎಣ್ಣೆ ಹಚ್ಚುವುದು ದಂಡ;
ನೆತ್ತಿಗೆ ತಟ್ಟಿ ಕಳಿಸುತ್ತೇನೆ, ಅರ್ಧ ಕಾಸಿಗೆ.

ಜೂಡೋ ಕಲಿಯುವ ಪೇದೆ ಶಿವಮಾದೇಗೌಡನಿಗೆ
ಬೀಳುವುದೇ ಪಾಠ.
"ಬಿದ್ದುದಲ್ಲ ಕಣಣ್ಣ, ಅರವತ್ತು ಸಲ ಎದ್ನಲ್ಲ,
ಅದು ನೋಯ್ತದೆ."

ಹಾಜಿರಾ ಬಂದದ್ದು ಹೋದ ಕಾರ್ತಿಕದಲ್ಲಿ.
ರಾಜೀವನಗರ, ಬಾಕ್ಸಿಂಗು, ನಲವತ್ತೆಂಟು ಕೆಜಿ.
ಮೊಣಕೈಯಿಂದ ಕೆಳಗೆ ಮಾತ್ರ ಎಂದು ಮೊದಲೇ ಮಾತಾಗಿತ್ತು.
ಪಕ್ಕದ ಸ್ಟೂಲಿನಲ್ಲಿ ಅವಳಮ್ಮ, ಕಣ್ಣು ನನ್ನ ಕೈ ಮೇಲೆ.
"ತಾತ, ಚೀಲಕ್ಕೆ ಒಂದು ಗಂಟೆ ಗುದ್ದಿದ ದಿನ
ಉಂಡು ಮಲಗಿದ್ರೆ ಬೆಳಗಾಗುತ್ತೆ.
ಎದುರಿಗೆ ಹುಡುಗಿ ನಿಲ್ಲಿಸಿದ ದಿನ,
ಮೂರೇ ಸುತ್ತು, ಒಂಬತ್ತೇ ನಿಮಿಷ,
ರಾತ್ರಿ ಎರಡಾದ್ರೂ ಫ್ಯಾನು ನೋಡ್ತಾ ಇರ್ತೀನಿ.
ಕಮ್ಮಿ ಕೆಲಸಕ್ಕೆ ಜಾಸ್ತಿ ಸುಸ್ತು, ಇದೇನು ಮೋಸ?"

ಮುಂಗೈ ಒತ್ತಿದೆ. ಮಾಂಸ ಮೆತ್ತಗೇ ಇತ್ತು.
ಅದರ ಕೆಳಗೆ ಏನೋ ಇನ್ನೂ ಓಡುತ್ತಿತ್ತು,
ಸವಾರಿ ಇಳಿದ ಮೇಲೂ ಗುರುಗುಡುವ ಆಟೋದಂತೆ.

ಚೀಲ ತಿರುಗಿ ಹೊಡೆಯೋದಿಲ್ಲ, ಕೂಸೇ.
ಎದುರಿನ ಭುಜ ಒಂಚೂರು ಅಲುಗಿದರೆ ಸಾಕು,
ಬಾರದ ಏಟಿಗೂ ಮೈ ಸುಂಕ ಕಟ್ಟುತ್ತದೆ.
ಬಿದ್ದದ್ದು ನಾಲ್ಕೋ ಐದೋ.
ಬೀಳಬಹುದಾಗಿದ್ದವು ಇನ್ನೂರು.
ಅಷ್ಟನ್ನೂ ತಿಂದೇ ಬಂದಿದ್ದೀಯ.

ಅಂದುಬಿಟ್ಟೆ.
ಅವಳಮ್ಮ ಮೊದಲ ಸಲ ನನ್ನ ಕೈ ಬಿಟ್ಟು ಮುಖ ನೋಡಿದಳು.
ಬೀಡಿ ಸುತ್ತಿ ಹಳದಿಗಟ್ಟಿದ ಬೆರಳುಗಳನ್ನು
ಬುರ್ಖಾದ ತೋಳಿನೊಳಗೆ ಎಳೆದುಕೊಂಡಳು.
"ಬಾಗಿಲ ಚಿಲಕ ಸದ್ದಾದ್ರೂ ಹಂಗೇ ಆಗುತ್ತೆ," ಅಂದಳು,
ಹಾಜಿರಾಳಿಗೂ ಅಲ್ಲ, ನನಗೂ ಅಲ್ಲ.
ಯಾವ ಬಾಗಿಲು, ಯಾವ ಕಾಲದ್ದು,
ನಾನು ಕೇಳಲಿಲ್ಲ.
ಹುಡುಗಿ ಎಡಗೈ ಮುಷ್ಟಿ ಬಿಚ್ಚಿ
ಬೆಂಚಿನ ಮೇಲೆ ಸುಮ್ಮನೆ ಅಂಗಾತ ಇಟ್ಟಳು.

ಆ ದಿನ ಅವರದೇ ಕೊನೆಯ ಸರದಿ.
ಎಣ್ಣೆ ಅರ್ಧ ಬಟ್ಟಲೂ ಖರ್ಚಾಗಿರಲಿಲ್ಲ.
ಬೆಂಚು ಒಳಗೆಳೆಯುವಾಗ
ಎರಡು ಸಲ ಕೂತೆ.