ಖಾತೆ ಪುಸ್ತಕದಾಗ ಎಸ್ಪೆರಾನ್ಸಾ

ಖಡೇ ಬಜಾರಿನ ನಮ್ಮಂಗಡಿಗೆ ಪೇಟಿ ಬರತಿದ್ವು,
ಭಜನಿಯವರವು, ನಾಟಕದವರವು, ಹೊಟ್ಟಿ ಹರಿದವು.
ಪಿಯಾನೋ ಅಪ್ಪ ಕಂಡಿದ್ದಿಲ್ಲ.
ಕ್ಯಾಂಪಿನಿಂದ ಆಳು ಬಂದಾಗ
'ಸ್ವರ ಸ್ವರಾನ ಹೌದಲ್ಲೋ' ಅಂದು ಉಳಿ ತಗೊಂಡು ಹೊಂಟ.
ನಾ ಹಿಂದ, ಸರೇಸಿನ ಡಬ್ಬಿ ಹಿಡಕೊಂಡು.

೧೯೬೬. ಮಿಲಿಟರಿ ಮೆಸ್ಸು. ಫೆಲ್ಟು ಎಂಟು, ತಂತಿ ಒಂದು. ಏಳು ರೂಪಾಯಿ.
ಇಷ್ಟು ಅಪ್ಪನ ಅಕ್ಷರ.
ಬರೀದೆ ಬಿಟ್ಟಿದ್ದು:
ಸ್ಟೂಲಿನ ಮ್ಯಾಲ ಹತ್ತೊಂಬತ್ತರ ಹುಡುಗಿ,
ಬೇಕರಿ ಫುರ್ಟಾಡೊನ ಮಗಳು,
ಮೊಣಕೈತನಕ ಮೈದಾ.
ಮೇಜರ್‌ಗಳು ಕುಣಿಯೋ ಹಾಡು ಮುಗದು
ಎಲ್ಲಾರೂ ಹ್ವಾದ ಮ್ಯಾಲ ಆಕಿ ತನ್ನದು ಸುರು ಮಾಡಾಕಿ.
ದನಿ ಅಂದ್ರ ತಳ ಹಿಡಿದ ಬೆಲ್ಲದ ಪಾಕ.

'ಇದು ಸೋಲ್ ಜಾಝ್' ಅಂದ್ಲು.
'ಯಾರ ಸೋಲವ್ವ?' ಅಂದ ಅಪ್ಪ.
ಆಕಿ ನಕ್ಕಿದ್ದಕ್ಕ
ಒಳಗಿನ ತಂತಿ ಒಂದೆರಡು ತಾವೇ ಗುಂಯ್ ಅಂದ್ವು.

ಆದ್ರ ಅಪ್ಪ ಬಿಡಲಿಲ್ಲ:
'ತಪ್ಪು ಬಿತ್ತು. ಕೋಮಲ ಗಾಂಧಾರ, ಶುದ್ಧ ಗಾಂಧಾರ
ಒಂದರ ಮ್ಯಾಲೊಂದು ಬಿದ್ದಾವ.'
'ಬೀಳಲಿ ಕಾಕಾ. ಕೊರಳಾಗಿಂದು ಇವೆರಡರ ನಡುವ ಐತಿ.
ಈ ಕಟಿಗ್ಯಾಗ ಅದಕ್ಕ ಮನಿ ಇಲ್ಲ.
ಎರಡೂ ಬಾಜೂದವರ ಕದ ಬಡದ್ರ
ಹೊರಗ ಬರತೈತಿ.'

ಆಮ್ಯಾಲ ಹನ್ನೆರಡು ವರ್ಷ ಆಕಿ ಪುಟ ಖಾಲಿ.
ಮುಂಬೈ ಹೋಟೆಲ್ಲು, ರಾತ್ರಿ ಎರಡು ಪಾಳಿ.
ಒಂದ ಒಂದು ರೆಕಾರ್ಡು, ಹಿಂದ ಹೆಸರು ತಪ್ಪು:
'ಎಸ್ಪರಂಜ'.
ಮಾರುತಿ ಗಲ್ಲಿ ಅಂಗಡ್ಯಾಗ ಮೂರು ಬಂದಿದ್ವು,
ಒಂದು ನಾ ತಗೊಂಡೆ, ಎರಡು ಬಿಸಲಿಗೆ ಡೊಂಕಾದ್ವು.
ಹೋಟೆಲ್ಲಿನವರು ಡಿಸ್ಕೊ ದೀಪ ತೂಗಬಿಟ್ಟ ವಾರ
ಪಿಯಾನೋದ ಜೋಡಿ ಆಕಿನೂ ಲಾರಿ ಹತ್ತಿದ್ಲು.
ಪಗಾರದ ಬದಲಿಗೆ ಅದನ್ನ ಕೊಟ್ಟಿದ್ರು.

೧೯೭೮. ಎಸ್ಪೆರಾನ್ಸಾ, ಮನಿ. ಪೂರಾ ಶ್ರುತಿ. ಜಮಾ ಅರವತ್ತು, ಬಾಕಿ ನಾಲ್ವತ್ತು.
ಇದು ನನ್ನ ಅಕ್ಷರ. ಅಪ್ಪ ಆಗಲೇ ಇರಲಿಲ್ಲ.
ಕಾನ್ವೆಂಟ್ ಹುಡುಗರು ಸಂಜಿಗೆ ಕಲ್ಯಾಕ ಬರತಿದ್ವು,
ಹಿಟ್ಟು ಮಿದ್ದಂಗ ಮಿದಿಯೋ ಬೆರಳು.
ಎಂದರ ಒಬ್ಬ ಕೂಸು ಎರಡು ಮನಿ ಕೂಡೇ ಒತ್ತಿದ್ರ
ಬೈತಿರಲಿಲ್ಲ ಆಕಿ, ಅಡಗಿಮನಿಯಿಂದ ಬಂದು ನೋಡತಿದ್ಲು.
ಬಾಕಿಗೆ ಬದಲು ಶನಿವಾರಕ್ಕೊಮ್ಮೆ ಬಿಸಿ ಪಾವ್.
ತಿಂದೆ. ಜಮಾ ಹಿಡೀಲಿಲ್ಲ.

ಆಕಿ ಹ್ವಾದ ಮ್ಯಾಲ ಪಿಯಾನೋ
ಟಿಳಕವಾಡಿ ಮಂಗಲ ಕಾರ್ಯಾಲಯಕ್ಕ ಹೋತು.
ಬಿಳಿ ಬಣ್ಣ ಬಳದಾರ, ಮ್ಯಾಲ ಪ್ಲಾಸ್ಟಿಕ್ ಗುಲಾಬಿ.
ಮದಿಮಕ್ಕಳು ಆತಕೊಂಡು ಫೋಟೊ ತಗಸತಾರ.
ಮೊಮ್ಮಗಳ ನಿಶ್ಚಯಕ್ಕ ಹ್ವಾದಾವ
ಯಾರೂ ಇಲ್ಲದ್ದು ನೋಡಿ ಮುಚ್ಚಳ ಎತ್ತಿದೆ.
ಬಣ್ಣ ಮನಿಗಳ ಸಂದ್ಯಾಗೂ ಇಳದಿತ್ತು.
ಉಗರಿಲೆ ಕೆರದು,
ಎರಡೂ ಗಾಂಧಾರ ಕೂಡೇ ಒತ್ತಿದೆ.

ಮ್ಯಾನೇಜರ್ ಓಡಿ ಬಂದ.
'ಕೆಟ್ಟೈತೇನ್ರಿ ಅಜ್ಜಾರ? ರಿಪೇರಿಗೆ ಎಷ್ಟಾಗಬಹುದು?'

ನಾಲ್ವತ್ತು, ಅಂದೆ.